ಮೆದುಳು ತೀರ್ಮಾನ ಮಾಡುವಾಗ ನೀವು ಎಲ್ಲಿದ್ದಿರಿ?

ಈಗಷ್ಟೇ ಒಂದು ವಿಡಿಯೋ ಅರ್ಧಕ್ಕೆ ನಿಲ್ಲಿಸಿದೆ. ಭಾಷಣಕಾರರು ಕಣ್ಣರಳಿಸಿ ಹೇಳುತ್ತಾರೆ: "ನೀವು ತೀರ್ಮಾನ ಮಾಡೋ ಮೊದಲೇ ನಿಮ್ಮ ಮೆದುಳು ತೀರ್ಮಾನ ಮಾಡಿರುತ್ತೆ!" ಚಪ್ಪಾಳೆಯೋ ಚಪ್ಪಾಳೆ. ನನಗೆ ಮೈಯೆಲ್ಲ ಉರಿ. ಈ ವಿಷಯದಲ್ಲಿ ನನ್ನ ತಾಳ್ಮೆ ಎಷ್ಟು ಅಂತ ನಿಮಗೆ ಗೊತ್ತೇ ಇದೆ.

ಅವರು ಹೇಳಿದ್ದು 1983ರಲ್ಲಿ ಅಮೆರಿಕದ ನರವಿಜ್ಞಾನಿ ಬೆಂಜಮಿನ್ ಲಿಬೆಟ್ ಪ್ರಕಟಿಸಿದ ಪ್ರಯೋಗದ ಕಥೆ. ಮನಸ್ಸಾದಾಗ ಕೈ ಆಡಿಸಿ, ಮನಸ್ಸಾದ ಗಳಿಗೆಯನ್ನು ಗಡಿಯಾರ ನೋಡಿ ಹೇಳಿ ಅಂದಿದ್ದರು. ಕೈ ಆಡುವ ಸುಮಾರು 200 ಮಿಲಿಸೆಕೆಂಡ್ (ಸೆಕೆಂಡಿನ ಐದನೇ ಒಂದು ಭಾಗ) ಮೊದಲು ಮನಸ್ಸಾಯಿತು ಎಂದರು ಜನ. ಮೆದುಳಿನ ವಿದ್ಯುತ್ ಸಂಕೇತ ಸುಮಾರು 550 ಮಿಲಿಸೆಕೆಂಡ್ ಮೊದಲೇ ಏಳತೊಡಗಿತ್ತು. ಅಳೆದದ್ದು ಇಷ್ಟೇ. ಯಾವ ಯಂತ್ರವೂ "ತೀರ್ಮಾನ" ಅಂತ ತೋರಿಸಲಿಲ್ಲ. ಅದನ್ನು ಸೇರಿಸಿದ್ದು ನಮ್ಮ ಬಾಯಿ.

ತೀರ್ಮಾನ ಅಂದರೆ ಹಿಂದೆಮುಂದೆ ಯೋಚಿಸೋದು, ಕಾರಣ ಕೊಡೋದು, ಬೇಕಾದರೆ ಬದಲಾಯಿಸೋದು, ಆಮೇಲೆ ಬೈಸಿಕೊಳ್ಳೋದು. ಇಷ್ಟೂ ಮಾಡುವವನು ಮನುಷ್ಯ. ಮೆದುಳಿಲ್ಲದೆ ಆಗಲ್ಲ, ಒಪ್ಪಿದೆ. ಕಾಲಿಲ್ಲದೆ ನಡೆಯೋಕೂ ಆಗಲ್ಲ. ಹಾಗಂತ "ನನ್ನ ಕಾಲು ವಾಕಿಂಗ್ ಹೋಗಿದೆ" ಅಂತೀವಾ?

ಇದೇನು ನನ್ನ ಹೊಸ ಸಂಶೋಧನೆಯಲ್ಲ. ಇಡೀ ಮನುಷ್ಯನಿಗೆ ಸಲ್ಲುವ ಮಾತನ್ನು ಅವನ ಒಂದು ಭಾಗಕ್ಕೆ ಅಂಟಿಸಬೇಡಿ ಅಂತ ನರವಿಜ್ಞಾನಿ ಮ್ಯಾಕ್ಸ್ ಬೆನೆಟ್, ತತ್ವಶಾಸ್ತ್ರಜ್ಞ ಪೀಟರ್ ಹ್ಯಾಕರ್ ಸೇರಿ 2003ರಲ್ಲಿ ದಪ್ಪ ಪುಸ್ತಕವನ್ನೇ ಬರೆದರು. ಅದಕ್ಕೂ ಮೊದಲು, 1949ರಲ್ಲಿ, ದೇಹದೊಳಗೆ ಮನಸ್ಸು ಅನ್ನೋ ಇನ್ನೊಬ್ಬನನ್ನು ಕೂರಿಸೋ ಚಾಳಿಯನ್ನು ತತ್ವಶಾಸ್ತ್ರಜ್ಞ ಗಿಲ್ಬರ್ಟ್ ರೈಲ್ "ಯಂತ್ರದೊಳಗಿನ ದೆವ್ವ" ಅಂತ ಗೇಲಿ ಮಾಡಿದ್ದರು. ಈಗಿನವರು ದೆವ್ವ ಬಿಡಿಸಿದೆವು ಅಂತ ಬೀಗುತ್ತಾ ಅದೇ ಜಾಗದಲ್ಲಿ ಮೆದುಳನ್ನು ಕೂರಿಸಿದ್ದಾರೆ. ಭಾರೀ ವಿಜ್ಞಾನ!

"ಅದು ಸುಮ್ನೆ ಮಾತಿಗೆ ಹೇಳೋದು, ಯಾಕಿಷ್ಟು ಕೋಪ?" ಅಂತ ಒಬ್ಬರಾದರೂ ಕೇಳುತ್ತೀರಿ. ಸುಮ್ನೆ ಹೇಳಿದ್ದರೆ ನನ್ನದೇನೂ ತಕರಾರಿಲ್ಲ. "ತಲೆ ಓಡ್ತಿಲ್ಲ" ಅಂತ ನಾನೂ ದಿನಾ ಹೇಳುತ್ತೇನೆ, ಆದರೆ ಅದರ ವೇಗ ಅಳೆಯೋಕೆ ಹೊರಡಲ್ಲ. ಇವರು ಹೊರಡುತ್ತಾರೆ. ಮೊದಲು ಮೆದುಳನ್ನು ವಾಕ್ಯದ ಕರ್ತೃ ಮಾಡಿ, ಆಮೇಲೆ "ಹಾಗಾದ್ರೆ ನೀನ್ಯಾರು, ನಿನಗೆಲ್ಲಿದೆ ಸ್ವಾತಂತ್ರ್ಯ?" ಅಂತ ನನ್ನನ್ನೇ ಜಾಡಿಸುತ್ತಾರೆ. ನಾನು ಇಲ್ಲವಾದದ್ದು ಅವರ ವಾಕ್ಯದಿಂದ ಅಲ್ವಾ ಸ್ವಾಮಿ? ಆ 550 ಮಿಲಿಸೆಕೆಂಡ್ ಪಾಪ ಏನು ಮಾಡಿತು?

ಇನ್ನೊಂದು ಗುಟ್ಟು ಹೇಳಿಬಿಡುತ್ತೇನೆ. ಈ ಮಾತು ನಂಬೋಕೆ ನನಗೂ ಆಸೆ. ಯಾರ ಮೇಲೋ ರೇಗಿದ ಮೇಲೆ "ನಾನಲ್ಲ, ನನ್ನ ಮೆದುಳು" ಅನ್ನೋದು ಎಷ್ಟು ಹಾಯಾಗಿರುತ್ತೆ! ಅದಕ್ಕೇ ಕೋಪ ಜಾಸ್ತಿ ಇರಬೇಕು.

ವಾದ ಮಾಡುವವರು ಕಾಮೆಂಟಿಗೆ ಬನ್ನಿ. ಮೆದುಳನ್ನು ಕಳಿಸಬೇಡಿ, ನೀವೇ ಬನ್ನಿ.