ಮೀನಿನ ಮೊಟ್ಟೆಗಳೆಲ್ಲ ನಡುಗಡಲ ಪಾಲಾಗುತ್ತವಾ?

“ದಡದ ಹತ್ತಿರ ಮೀನು ಇಟ್ಟ ಮೊಟ್ಟೆಗಳನ್ನೆಲ್ಲ ನೀರಿನ ಸೆಳೆತ ನಡುಗಡಲಿಗೆ ಎಳೆದೊಯ್ದು ಹಾಳು ಮಾಡುತ್ತದೆ” ಎಂಬ ಫಾರ್ವರ್ಡ್ ಓಡಾಡುತ್ತಿದೆ. ಇದು ಅರ್ಧ ಸತ್ಯ ಅಷ್ಟೇ.

ಹೆರಿಂಗ್ ಮೀನಿನ ಮೊಟ್ಟೆ ತಳದ ಕಲ್ಲಿಗೋ ಪಾಚಿಗೋ ಅಂಟಿಕೊಂಡಿರುತ್ತದೆ, ತೇಲುವ ಮಾತೇ ಇಲ್ಲ. ತೇಲುವ ಜಾತಿಗಳೇ ಜಾಸ್ತಿ, ಅದು ನಿಜ. ಸುಮಾರು 1 ಮಿ.ಮೀ. ಗಾತ್ರದ ಪಾರದರ್ಶಕ ಗುಂಡು, ಹಲವು ಜಾತಿಗಳಲ್ಲಿ ಒಳಗೊಂದು ಎಣ್ಣೆಹನಿ. ಈಜಲು ಬರುವುದಿಲ್ಲ, ನೀರು ಒಯ್ದ ಕಡೆ ಹೋಗಬೇಕು. ಆದರೆ ಕರಾವಳಿಯ ನೀರು ಸಾಮಾನ್ಯವಾಗಿ ದಡದ ಉದ್ದಕ್ಕೇ ಹೆಚ್ಚು ಹರಿಯುತ್ತದೆ, ಆಚೆಗೆ ಕಡಿಮೆ. ಭೂಶಿರದ ಮರೆಯಲ್ಲಿ ಸುಳಿ ಎದ್ದರೆ ಮೊಟ್ಟೆಗಳು ಅಲ್ಲೇ ಸುತ್ತುತ್ತಿರುತ್ತವೆ.

ಗಾಳಿ ಮೇಲ್ನೀರನ್ನು ಆಚೆ ತಳ್ಳಿದಾಗ ಒಂದಷ್ಟು ಹೋಗುತ್ತವೆ, ಸುಳ್ಳಲ್ಲ. ಆದರೆ ಆಗ ಅಡಿಯ ನೀರು ದಡದತ್ತ ಬರುತ್ತಿರುತ್ತದೆ. ಸ್ವಲ್ಪ ಬಲಿತ ಮರಿಗಳು ಕೆಳಗಿಳಿದು ಆ ಹರಿವನ್ನು ಹಿಡಿಯಬಲ್ಲವು.