ಜಾತಕ ಕೇಳದವರ ಸಂಬಂಧ

ಹೆಣ್ಣು ನೋಡುವ ಶಾಸ್ತ್ರ ಈಗ ಎಲ್ಲಿದೆ ಎಂದು ಕೇಳುವವರು ಭಾನುವಾರ ಸಂಜೆ ಬೆಂಗಳೂರಿನ ಯಾವುದಾದರೂ ಕಾಫಿ ಅಂಗಡಿಯಲ್ಲಿ ಅರ್ಧ ಗಂಟೆ ಕುಳಿತು ನೋಡಬೇಕು. ಉಪ್ಪಿಟ್ಟು, ಕೇಸರಿಭಾತಿನ ಜಾಗಕ್ಕೆ ಕ್ಯಾಪುಚಿನೊ ಬಂದಿದೆ, ಚಾಪೆಯ ಜಾಗಕ್ಕೆ ಕಾಲು ನೆಲಕ್ಕೆ ಎಟುಕದ ಸ್ಟೂಲು ಬಂದಿದೆ, "ಒಂದು ದೇವರನಾಮ ಹೇಳಮ್ಮ" ಎನ್ನುವುದರ ಜಾಗಕ್ಕೆ "ಇನ್ನು ಐದು ವರ್ಷಕ್ಕೆ ನೀವು ಎಲ್ಲಿರುತ್ತೀರಿ" ಎಂಬ ಪ್ರಶ್ನೆ ಬಂದಿದೆ. ಮೊದಲಾದರೆ ಎರಡು ನುಡಿ ಹಾಡಿ ಒಳಗೆ ಎದ್ದು ಹೋಗಬಹುದಿತ್ತು. ಈ ಪ್ರಶ್ನೆಗೆ ಆಫೀಸಿನಲ್ಲಿ ಕೊಡುವ ಉತ್ತರವನ್ನೇ ಕೊಟ್ಟರೆ ಹುಡುಗಿಗೆ ಮನೆಗಿಂತ ಕೆಲಸವೇ ಹೆಚ್ಚು ಎನ್ನುತ್ತಾರೆ. ಇನ್ನೂ ಯೋಚಿಸಿಲ್ಲ ಎಂದರೆ ಹುಡುಗಿಗೆ ಗುರಿಯೇ ಇಲ್ಲ ಎನ್ನುತ್ತಾರೆ.

ನನ್ನ ಅಜ್ಜಿಗೆ ಈ ಪರೀಕ್ಷೆ ಇರಲಿಲ್ಲ. ಅವಳು ಅಜ್ಜನ ಮುಖವನ್ನು ಸರಿಯಾಗಿ ಕಂಡದ್ದು ಅಂತರಪಟ ಸರಿದ ಮೇಲೆ, ಅದೂ ತಲೆಯ ಮೇಲೆ ಜೀರಿಗೆ ಬೆಲ್ಲ ಬೀಳುತ್ತಿದ್ದಾಗ. ಇಷ್ಟವೋ ಇಲ್ಲವೋ ಎಂದು ಆ ಹೊತ್ತಿನಲ್ಲಿ ಕೇಳುವವರು ಯಾರೂ ಇರಲಿಲ್ಲ, ಹೇಳಿದ್ದರೂ ವಾಲಗದ ಸದ್ದಿನಲ್ಲಿ ಕೇಳಿಸುತ್ತಿರಲಿಲ್ಲ. ಅದೇ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ, ಅಜ್ಜಿಯೂ ಹೇಳುವುದಿಲ್ಲ. ಆದರೆ ಯಾರು ಎಲ್ಲಿ ಕೂರಬೇಕು, ಯಾರು ಮಾತಾಡಬೇಕು, ಯಾರು ಸುಮ್ಮನಿರಬೇಕು ಎಂಬುದಾದರೂ ಎಲ್ಲರಿಗೂ ಗೊತ್ತಿತ್ತು. ಈಗ ಹಳೆಯ ಪದ್ಧತಿ ಪೂರ್ತಿ ಹೋಗಿಲ್ಲ, ಹೊಸದನ್ನು ಯಾರೂ ಬರೆದಿಟ್ಟಿಲ್ಲ, ಹಾಗಾಗಿ ಎರಡೂ ಕಡೆಯವರು ತಮಗೆ ಅನುಕೂಲವಾದ ಕಾಲದಿಂದ ತಮಗೆ ಬೇಕಾದ ನಿಯಮವನ್ನು ಎತ್ತಿಕೊಳ್ಳುತ್ತಾರೆ.

ನನ್ನ ಚಿಕ್ಕಮ್ಮನ ಮಗಳು ಬಂಬಲ್ ಎಂಬ ಡೇಟಿಂಗ್ ಆ್ಯಪಿನಲ್ಲಿದ್ದಾಳೆ. 2014ರಲ್ಲಿ ಅಮೆರಿಕದಲ್ಲಿ ಅದು ಶುರುವಾದಾಗ ಮೊದಲ ಮಾತನ್ನು ಹೆಣ್ಣೇ ಆಡಬೇಕು ಎಂಬುದು ಅದರ ವಿಶೇಷ ನಿಯಮವಾಗಿತ್ತು. ಇದನ್ನು ಕೇಳಿ ಅಮ್ಮ ಬಾಯಿಯ ಮೇಲೆ ಕೈಯಿಟ್ಟುಕೊಂಡರೆ, ಅಜ್ಜಿ ಮಾತ್ರ "ಇದರಲ್ಲೇನು ಹೊಸತು, ನಿಮ್ಮಜ್ಜನ ಹತ್ತಿರ ಮೊದಲು ಮಾತಾಡಿದವಳು ನಾನೇ, ಮದುವೆಯಾಗಿ ವಾರ ಕಳೆದ ಮೇಲೆ, ಕಂದು ಹಸು ಕೊಟ್ಟಿಗೆಗೆ ಬಂದಿಲ್ಲ ಎಂದು" ಎಂದಳು.

ನಾನು ಆ್ಯಪಿನವಳಲ್ಲ, ಮ್ಯಾಟ್ರಿಮೋನಿಯವಳು. ಅಲ್ಲಿ ನನ್ನ ಪ್ರೊಫೈಲನ್ನು ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯ ಜಗುಲಿಯಲ್ಲಿ ಕುಳಿತು ನಡೆಸುವವರು ಅಪ್ಪ. "ನಾನು ಸೌಮ್ಯ ಸ್ವಭಾವದವಳು, ಹಿರಿಯರಲ್ಲಿ ಗೌರವವುಳ್ಳವಳು" ಎಂದು ಬರೆದವರೂ ಅವರೇ. ಎಪ್ಪತ್ತರ ಹತ್ತಿರದ ಗಂಡಸೊಬ್ಬರು ಗಂಭೀರವಾಗಿ ಹಾಗೆ ಬರೆದುಕೊಂಡದ್ದನ್ನು ಓದಿ ಗೌರವ ಹೆಚ್ಚಾದದ್ದು ನಿಜ. ಒಮ್ಮೆ ಒಂದು ಸಂಬಂಧದವರೊಡನೆ ಚಾಟಿಂಗ್ ಬಹಳ ಚೆನ್ನಾಗಿ ನಡೆಯುತ್ತಿದೆ, ಹುಡುಗ ಒಳ್ಳೆಯ ತಿಳಿವಳಿಕಸ್ಥ ಎಂದು ಅಪ್ಪ ಸಂಭ್ರಮದಿಂದ ಫೋನ್ ಮಾಡಿದರು. ಮಾತು ಅಡಿಕೆ ಧಾರಣೆಯಿಂದ ಕೊಳೆರೋಗಕ್ಕೆ, ಕೊಳೆರೋಗದಿಂದ ಬೋರ್ಡೋ ದ್ರಾವಣಕ್ಕೆ, ಅಲ್ಲಿಂದ ಮಂಡಿನೋವಿನ ಎಣ್ಣೆಗೆ ಬಂದಾಗ, ಆ ಕಡೆ ಟೈಪ್ ಮಾಡುತ್ತಿದ್ದವರೂ ಹುಡುಗನ ತಂದೆ ಎಂಬುದು ಬಯಲಾಯಿತು. ನಾನೂ ಆ ಹುಡುಗನೂ ಇವತ್ತಿಗೂ ಒಬ್ಬರನ್ನೊಬ್ಬರು ನೋಡಿಲ್ಲ. ಅಪ್ಪಂದಿರು ಹಬ್ಬಹರಿದಿನಕ್ಕೆ ಫೋನ್ ಮಾಡಿಕೊಳ್ಳುತ್ತಾರೆ.

ಹುಡುಗನೇ ಖುದ್ದಾಗಿ ಬಂದ ಸಂಬಂಧಗಳಲ್ಲಿ ಕಷ್ಟ ಶುರುವಾಗುವುದು ಬಿಲ್ಲು ಬಂದಾಗ. ಅವನು ಕೊಟ್ಟರೆ ನಾನು ಹಂಗಿನವಳಾಗುತ್ತೇನೆ, ನಾನು ಕೊಟ್ಟರೆ ಅವನಿಗೆ ಅವಮಾನವಾಗುತ್ತದೆ. ಜಯನಗರದಲ್ಲಿ ಸಿಕ್ಕ ಒಬ್ಬರು ಸಮಾನತೆಯಲ್ಲಿ ನಂಬಿಕೆಯಿರುವುದಾಗಿ ಮೊದಲೇ ಹೇಳಿದ್ದರಿಂದ ಅರ್ಧರ್ಧ ಕೊಡೋಣ ಎಂದೆ. ಅವರು ಅದಕ್ಕೂ ಒಪ್ಪಲಿಲ್ಲ. ತಮ್ಮದು ಬರಿಯ ಕಾಫಿ, ನನ್ನದು ಸ್ಯಾಂಡ್‌ವಿಚ್ಚೂ ಇದೆ ಎಂದು ಫೋನಿನ ಕ್ಯಾಲ್ಕುಲೇಟರ್ ತೆಗೆದು, ಸ್ಯಾಂಡ್‌ವಿಚ್ಚಿನ ಮೇಲಿನ ಶೇಕಡ 5ರ ಜಿಎಸ್‌ಟಿಯನ್ನು ಬೇರೆಯಾಗಿ ಕೂಡಿಸಿ, ಪೈಸೆಯ ಸಮೇತ ನನ್ನ ಪಾಲನ್ನು ತೋರಿಸಿದರು. ನಾನು ಪೈಸೆಯ ಸಮೇತವೇ ಯುಪಿಐ ಮಾಡಿದೆ. ವಾರದ ನಂತರ ಮಧ್ಯಸ್ಥಿಕೆಯವರ ಮೂಲಕ ನಮ್ಮ ಮನೆಗೆ ಬಂದ ಸುದ್ದಿಯೆಂದರೆ, ತನ್ನ ದುಡ್ಡನ್ನು ತಾನೇ ಕೊಟ್ಟ ಹುಡುಗಿ ನಾಳೆ ನಮ್ಮ ಮನೆಗೆ ಹೊಂದಿಕೊಳ್ಳುವುದು ಕಷ್ಟ ಎಂದು ಹುಡುಗನ ತಾಯಿಗೆ ಅನ್ನಿಸಿತಂತೆ.

ಮತ್ತೊಬ್ಬರು ಮಂತ್ರ ಮಾಂಗಲ್ಯದ ಅಭಿಮಾನಿ. ಕುವೆಂಪು ಅವರು 1966ರಲ್ಲಿ ಮಗ ತೇಜಸ್ವಿಯವರ ಮದುವೆಯನ್ನು ಮಂತ್ರ ಮಾಂಗಲ್ಯದ ರೀತಿಯಲ್ಲಿ ಎಷ್ಟು ಸರಳವಾಗಿ ನೆರವೇರಿಸಿದರು ಎಂಬುದನ್ನು ಅವರು ಕಣ್ಣರಳಿಸಿಕೊಂಡು ಹೇಳುತ್ತಿದ್ದಾಗ ನನಗೆ, ಸತ್ಯವಾಗಿ ಹೇಳುತ್ತೇನೆ, ಇವರೇ ಇರಬಹುದು ಅನ್ನಿಸಿತ್ತು. ಅಷ್ಟರಲ್ಲಿ ಪಕ್ಕದಲ್ಲಿದ್ದ ಅವರ ತಾಯಿ, "ಅದು ಬೆಳಿಗ್ಗೆ ಆಗಲಿ, ಸಂಜೆ ಅರಮನೆ ಮೈದಾನದಲ್ಲಿ ಎರಡು ಸಾವಿರ ಜನಕ್ಕೆ ರಿಸೆಪ್ಷನ್ ಇರಲಿ" ಎಂದರು. ಹುಡುಗ ಚಮಚವನ್ನು ನೋಡುತ್ತಾ ಕುಳಿತರು. ವರದಕ್ಷಿಣೆಯ ಮಾತನ್ನು ಆ ತಾಯಿ ಎತ್ತಲೇ ಇಲ್ಲ; 1961ರಿಂದ ಅದಕ್ಕೆ ಕಾನೂನಿದೆಯಲ್ಲ. "ನಮಗೇನೂ ಬೇಡ, ನಿಮ್ಮ ಮಗಳಿಗೆ ನೀವೇನು ಹಾಕುತ್ತೀರೋ ಅದು ನಿಮ್ಮ ಪ್ರೀತಿ" ಎಂದಷ್ಟೇ ಹೇಳಿ, ನಮ್ಮ ಪ್ರೀತಿ ಎಷ್ಟು ಗ್ರಾಂ ಇರಬಹುದೆಂದು ತಿಳಿಯಲು ಅಮ್ಮನ ಬಳೆಗಳ ಕಡೆ ನೋಡಿದರು.

ಗಂಡಿನ ಕಡೆಯವರನ್ನೇ ಆಡಿಕೊಂಡರೆ ಅದೂ ಅನ್ಯಾಯವಾಗುತ್ತದೆ. 2023ರ ಫೆಬ್ರುವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ಯುವಕರು ತಮಗೆ ಹೆಣ್ಣು ಸಿಗಲಿ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಅವರಲ್ಲಿ ಹಲವರು ರೈತರು. ಟಿವಿಯಲ್ಲಿ ಇದನ್ನು ನೋಡಿ ಎಲ್ಲರಿಗಿಂತ ಹೆಚ್ಚು ಮರುಗಿದವರು ಅಪ್ಪ. ಭೂಮಿಯನ್ನು ನಂಬಿದವನಿಗೆ ಹೆಣ್ಣು ಕೊಡದ ಕಾಲ ಬಂತಲ್ಲ ಎಂದು ಎರಡು ಹೊತ್ತು ಅದನ್ನೇ ಹೇಳಿದರು. ಅದೇ ತಿಂಗಳು ಅತ್ತೆ ಕೊಪ್ಪದ ಕಡೆಯ ಒಂದು ಸಂಬಂಧ ತಂದಾಗ ಹುಡುಗನ ಓದು, ಗುಣ, ಮನೆತನ ಎಲ್ಲವೂ ಒಪ್ಪಿಗೆಯಾಗಿ, ಕೆಲಸ ಏನು ಎಂಬಲ್ಲಿಗೆ ಬಂದಾಗ ಅತ್ತೆ ದನಿ ತಗ್ಗಿಸಿ, ಯಾವುದೋ ವಾಸಿಯಾಗದ ಕಾಯಿಲೆಯನ್ನು ತಿಳಿಸುವಂತೆ, "ತೋಟ ನೋಡಿಕೊಂಡಿದ್ದಾನೆ" ಎಂದರು. ಅಪ್ಪ ನನ್ನನ್ನು ಒಂದು ಮಾತೂ ಕೇಳದೆ ಬೇಡ ಎಂದುಬಿಟ್ಟರು. ಆಗ ಅವರ ಕೈಯಲ್ಲಿದ್ದದ್ದು ಅಡಿಕೆ ಸುಲಿಯುವ ಕತ್ತಿ.

ಇಷ್ಟೆಲ್ಲದರ ನಡುವೆ ನಮ್ಮ ಮನೆಯನ್ನು ಕಾಪಾಡಿಕೊಂಡು ಬಂದದ್ದು ಜಾತಕ. ಅದರಿಂದ ಮದುವೆಗಳು ಎಷ್ಟು ಗಟ್ಟಿಯಾಗುತ್ತವೆಯೋ ನಾನರಿಯೆ, ಆದರೆ ಯಾರ ಮನಸ್ಸನ್ನೂ ನೋಯಿಸದೆ ಬೇಡ ಎನ್ನುವುದಕ್ಕೆ ಅದಕ್ಕಿಂತ ಸೊಗಸಾದ ಉಪಾಯವನ್ನು ಯಾರೂ ಕಂಡುಹಿಡಿದಿಲ್ಲ. ಅಷ್ಟಕೂಟದ 36 ಗುಣಗಳಲ್ಲಿ 18 ಬಂದರೆ ಸಾಕು ಎನ್ನುತ್ತಾರೆ, ನಾಡಿ ಒಂದಕ್ಕೇ 8 ಗುಣ. ಹುಡುಗ ಹಿಡಿಸದಿದ್ದರೆ ನಾಡಿ ಕೂಡಿಬರಲಿಲ್ಲ, ಹುಡುಗನ ತಾಯಿ ಹಿಡಿಸದಿದ್ದರೆ ಗಣ ಕೂಡಿಬರಲಿಲ್ಲ. ನಮ್ಮ ಜೋಯಿಸರಂತೂ ಪಂಚಾಂಗ ಬಿಡಿಸುವ ಮೊದಲೇ "ಕೂಡಬೇಕೋ, ಬೇಡವೋ?" ಎಂದು ಕೇಳಿಬಿಡುತ್ತಾರೆ. "ಊರಿಗೆ ಹೋಗಿ ಕಾಗದ ಬರೆಯುತ್ತೇವೆ" ಎಂದು ಹೊರಟವರು ಕಾಗದ ಬರೆಯದಿದ್ದರೂ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಈಗ ವಾಟ್ಸಾಪಿನಲ್ಲಿ ಎರಡು ನೀಲಿ ಗೆರೆ ಬಿದ್ದಮೇಲೆ ಆ ಸೌಕರ್ಯವೂ ಇಲ್ಲ. ಅದಕ್ಕೇ ನಮ್ಮ ಮನೆಯವರು ನಿಜವಾಗಿ ಹೆದರುವುದು "ನಾವು ಜಾತಕ ನೋಡುವುದಿಲ್ಲ" ಎನ್ನುವ ಪ್ರಗತಿಪರರಿಗೆ. ಅಂಥವರಿಗೆ ಏನೆಂದು ಹೇಳಿ ತಪ್ಪಿಸಿಕೊಳ್ಳುವುದು?

ಹೋದ ತಿಂಗಳು ಅಂಥದೇ ಮನೆಯ ಹುಡುಗರೊಬ್ಬರು ಸಿಕ್ಕರು. ಒಂದು ಗಂಟೆ ಮಾತಾಡಿದೆವು, ಕ್ಯಾಲ್ಕುಲೇಟರ್ ಹೊರಗೆ ಬರಲಿಲ್ಲ, ಐದು ವರ್ಷದ ಪ್ರಶ್ನೆಯೂ ಬರಲಿಲ್ಲ. ಮಾರನೆಯ ದಿನ ಬೆಳಿಗ್ಗೆ ನನಗೇ ನೇರವಾಗಿ ಸಂದೇಶ ಕಳಿಸಿದ್ದರು: ನಿಮ್ಮೊಡನೆ ಮಾತಾಡಿ ಸಂತೋಷವಾಯಿತು, ಆದರೆ ನಮ್ಮಿಬ್ಬರಿಗೆ ಹೊಂದುವುದಿಲ್ಲ ಎಂದು ನನಗೆ ಅನ್ನಿಸುತ್ತದೆ, ಕಾಯಿಸುವುದು ಸರಿಯಲ್ಲವೆಂದು ಹೇಳುತ್ತಿದ್ದೇನೆ. ನನಗೂ ಹಾಗೆಯೇ ಅನ್ನಿಸಿತ್ತಾದ್ದರಿಂದ ಹಗುರವಾಗಿ ಧನ್ಯವಾದ ಬರೆದು ಕೆಲಸಕ್ಕೆ ಹೋದೆ. ಸಂಜೆ ಸಂದೇಶವನ್ನು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದಾಗ ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ. ಆಮೇಲೆ, "ಎಂಥ ಸಂಸ್ಕಾರ ಇಲ್ಲದ ಜನ! ಜಾತಕ ಕೂಡಿಬರಲಿಲ್ಲ ಎನ್ನುವುದಕ್ಕೆ ಅವರಿಗೇನಾಗಿತ್ತು?" ಎಂದಳು.