ಹೊಲ ನಮ್ಮದು, ಮಣ್ಣು ಮುಟ್ಟಿದ್ದು ಪುಣೆಯಲ್ಲಿ

ಪುಣೆ ಹತ್ತಿರದ ಹೊಲದಲ್ಲಿ ಸೀತನಿ, ಅಂದರೆ ಕೆಂಡದಲ್ಲಿ ಸುಟ್ಟ ಹಸಿ ಜೋಳ, ತಿನ್ನೋಕೆ ದೊಡ್ಡವರಿಗೆ 800 ರೂಪಾಯಿ, ಮಕ್ಕಳಿಗೆ 500 ಅಂದಾಗ ಮನಸ್ಸಿಗೆ ಚುರುಕ್ ಅಂದಿತು. ನಾನು ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನವನು. ನಮ್ಮ ಹೊಲದ ಹಾದಿ ಹಿಡಿದು ಹೋಗುವವರನ್ನು ಕೂಗಿ ಕರೆದು, ಕೂಡಿಸಿ, ಬೊಗಸೆ ತುಂಬ ಸೀತನಿ ಹಾಕಿ ಕಳಿಸುವ ಊರು ನಮ್ಮದು. ಅದಕ್ಕೆ ರೊಕ್ಕ ಅನ್ನುವ ಮಾತು ಕೇಳಿದರೆ ನಮ್ಮ ಅಜ್ಜ ಎದ್ದು ಹೋಗುತ್ತಿದ್ದ.

ಪುಣೆಯಲ್ಲಿ ಚಳಿಗಾಲ ಬಂತೆಂದರೆ ಎಲ್ಲರ ಬಾಯಲ್ಲೂ ಹುರ್ಡಾ ಪಾರ್ಟಿ. ನಮ್ಮ ಸೀತನಿಗೆ ಇಲ್ಲಿ ಹುರ್ಡಾ ಅಂತಾರೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಶನಿವಾರ, ಭಾನುವಾರ ಊರಿಗೆ ಊರೇ ಹೊಲದ ಕಡೆ ಹೊರಡುತ್ತದೆ. ನಮ್ಮ ಸೊಸೈಟಿಯ ಕನ್ನಡದವರೂ ಸೇರಿ ಹೊರಟೆವು. ಧಾರವಾಡದವರು, ಉಡುಪಿಯವರು, ನಾವು. ಸೋಲಾಪುರ ರಸ್ತೆಯಲ್ಲಿ ಯವತ್ ದಾಟಿ ಒಳಗೆ ಹೋದರೆ ಸಿಗುವ ಒಂದು ಹೊಲ. ಬಿಳಿ ಜೋಳ ಎದೆಮಟ್ಟ ದಾಟಿ ನಿಂತಿತ್ತು. ಅತ್ತ ಖಿಲಾರಿ ಎತ್ತಿನ ಜೋಡಿ, ಇತ್ತ ಹೆಗಲವರೆಗೂ ಕೊಂಬು ಇಳಿಬಿಟ್ಟ ಪಂಢರಪುರಿ ಎಮ್ಮೆ. ಊರಲ್ಲಿ ಇರೋದೂ ಇದೇ ಅಲ್ವಾ, ಇದನ್ನು ನೋಡೋಕೆ ಇಷ್ಟು ದೂರ, ಇಷ್ಟು ದುಡ್ಡು ಯಾಕೆ ಅಂತ ಅನಿಸಿತ್ತು.

ಆ ಹೊಲದ ಯಜಮಾನರಿಗೆ ಅರವತ್ತರ ಆಸುಪಾಸು. ಮಕ್ಕಳೆಲ್ಲ ಅವರನ್ನು ಕಾಕಾ ಅಂತಲೇ ಕರೆದರು. ಅವರು ನಮ್ಮ ದೊಡ್ಡವರ ಕಡೆ ಜಾಸ್ತಿ ನೋಡಲೇ ಇಲ್ಲ. ಸೀದಾ ಮಕ್ಕಳನ್ನು ಕರೆದುಕೊಂಡು ಹೊಲದ ಅಂಚಿಗೆ ಹೋದರು. ಅಲ್ಲಿ ಸುತ್ತಲೂ ಕುಸುಬಿ ಹಾಕಿದ್ದರು. "ಎಲೆ ಮುಟ್ಟಿ ನೋಡಿ" ಅಂದರು. ನನ್ನ ಮಗಳು ಮುಟ್ಟಿ ಚಟ್ಟನೆ ಕೈ ಹಿಂದಕ್ಕೆಳೆದಳು. ಮುಳ್ಳು. "ಈಗ ಹೇಳಿ, ಇದನ್ನು ಅಂಚಿಗೇ ಯಾಕೆ ಹಾಕಿದ್ದೀವಿ?" ಅಂತ ಕೇಳಿದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಧಾರವಾಡದವರ ಸಣ್ಣ ಹುಡುಗ, "ದನ ಒಳಗೆ ಬರಬಾರದು ಅಂತ" ಅಂದ. ಕಾಕಾ ಅವನ ಬೆನ್ನು ತಟ್ಟಿದರು. ಬೇಲಿಗೆ ಬೇಲಿಯೂ ಆಯಿತು, ಎಣ್ಣೆಗೆ ಕಾಳೂ ಆಯಿತು ಅಂತ ವಿವರಿಸಿದರು.

ನಮ್ಮ ಹೊಲದ ಸುತ್ತಲೂ ಕುಸುಬಿಯೇ ಇರೋದು. ನನ್ನ ಮಗಳು ಹುಟ್ಟಿದಾಗಿನಿಂದ ಆ ಹೊಲಕ್ಕೆ ಹೋಗಿ ಬರುತ್ತಿದ್ದಾಳೆ. ಆ ಪ್ರಶ್ನೆಯನ್ನು ಅವಳಿಗೆ ಅಲ್ಲಿ ಯಾರೂ ಕೇಳಿಲ್ಲ.

ಆಮೇಲೆ ತೆನೆ ಆರಿಸುವ ಕೆಲಸ. ಕಾಕಾ ಒಂದು ಕಾಳು ಬಿಡಿಸಿ ಉಗುರಲ್ಲಿ ಒತ್ತಿ ತೋರಿಸಿದರು. ಹಾಲು ಚಿಮ್ಮಿದರೆ ಇನ್ನೂ ಎಳೆಯದು, ಬಿಡಬೇಕು. ನಾದಿದ ಹಿಟ್ಟಿನ ಹಾಗೆ ಮೆತ್ತಗಿದ್ದರೆ ಸರಿ. ಉಗುರು ಇಳಿಯದಿದ್ದರೆ ಹೊತ್ತು ಮೀರಿದೆ, ಅದು ರೊಟ್ಟಿಗೆ. ಪ್ರತಿ ಮಗುವಿಗೂ ನಾಲ್ಕು ತೆನೆ ಹುಡುಕಿ ತರುವ ಕೆಲಸ ಕೊಟ್ಟರು. ಮಕ್ಕಳು ಸಾಲಿನ ಒಳಗೆ ನುಗ್ಗಿದರು. ಒಂದೊಂದು ತೆನೆಗೂ ಉಗುರು ಒತ್ತಿ ಒತ್ತಿ ನೋಡಿ, ತಮ್ಮತಮ್ಮಲ್ಲೇ ವಾದ ಮಾಡಿ, ತಂದು ಕೊಟ್ಟರು. ಎಳೆ ತೆನೆ ತಂದವರಿಗೆ ಬೈಗುಳ ಇಲ್ಲ. ಯಾಕೆ ಎಳೆಯದು ಅಂತ ಮತ್ತೆ ತೋರಿಸಿದರು, ಅಷ್ಟೇ. ಕುಣಿಯಲ್ಲಿ ಕುಳ್ಳು, ಅಂದರೆ ಸಗಣಿ ಬೆರಣಿ, ಉರಿದು ಕೆಂಡವಾಗಿತ್ತು. ಮಕ್ಕಳ ಕಣ್ಣೆದುರೇ ತೆನೆಗಳನ್ನು ಬೂದಿಯಲ್ಲಿ ಹೂತು, ತಿರುವಿ, ತೆಗೆದು, ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿದರು. ಹಸಿರು ಕಾಳು ಉಳಿಯಿತು. ಬೆಲ್ಲ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು. ತರಕಾರಿ ಕಂಡರೆ ಮುಖ ತಿರುಗಿಸುವ ನನ್ನ ಮಗ ಮೂರು ಸಲ ಕೈ ಒಡ್ಡಿದ.

ಹುರ್ಡಾಕ್ಕೆ ಇವರು ಎಷ್ಟು ಮಹತ್ವ ಕೊಡುತ್ತಾರೆ ಅನ್ನೋದಕ್ಕೆ ಒಂದು ಮಾತು ಹೇಳಬೇಕು. ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದವರು ಹುರ್ಡಾಕ್ಕೆ ಅಂತಲೇ ಫುಲೆ ಉತ್ತರಾ, ಫುಲೆ ಮಧುರ್ ಎಂಬ ಜೋಳದ ತಳಿಗಳನ್ನು ಬಿಟ್ಟಿದ್ದಾರೆ. ಕಾಳು ಸುಲಭವಾಗಿ ಬಿಡಬೇಕು, ಸಿಹಿ ಇರಬೇಕು ಅಂತ. ಮಾಲದಂಡಿ ಜೋಳ ಸೋಲಾಪುರದ್ದೂ ಹೌದು, ನಮ್ಮ ವಿಜಯಪುರದ್ದೂ ಹೌದು. ಮಣ್ಣು ಅದೇ ಕಪ್ಪು ಎರೆ. ಒಂದೇ ಬೆಳೆ, ಒಂದೇ ಎತ್ತು, ಒಂದೇ ಚಳಿ. ಬೇರೆಯಾಗಿರೋದು ಮಕ್ಕಳನ್ನು ಆ ಹೊಲದಲ್ಲಿ ಎಲ್ಲಿ ನಿಲ್ಲಿಸುತ್ತೇವೆ ಅನ್ನೋದು.

ಊರಲ್ಲಿ ನಮ್ಮ ಮಕ್ಕಳನ್ನು ಎಲ್ಲಿ ನಿಲ್ಲಿಸುತ್ತಾರೆ? ನಿಲ್ಲಿಸೋದೇ ಇಲ್ಲ, ಕೂಡಿಸುತ್ತಾರೆ. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಹೊಲಕ್ಕೆ ನೈವೇದ್ಯ ಎರಚುವ ಚರಗ ಚೆಲ್ಲೋಕೆ ಹೋದರೆ ಮೊದಲು ಬರೋದು ಪ್ಲಾಸ್ಟಿಕ್ ಕುರ್ಚಿ. ಬನ್ನಿ ಗಿಡದ ನೆರಳಲ್ಲಿ ಅದನ್ನು ಹಾಕಿ, "ಕೂಡವ್ವ, ಬಿಸಿಲಾಗ ಹೋಗಬ್ಯಾಡ" ಅಂತಾರೆ. ಮಗ ಜೋಳದ ಸಾಲಿಗೆ ಇಳಿದರೆ ಊರಲ್ಲಿರುವ ನಮ್ಮ ಸ್ವಂತ ಕಾಕಾ, "ಬ್ಯಾಡೋ ತಮ್ಮಾ, ಅರಿವಿ ಹೊಲಸಾಗ್ತಾವ" ಅಂತ ಎತ್ತಿಕೊಂಡೇ ಬರುತ್ತಾರೆ. ಸಗಣಿ ಹತ್ತಿರ ಹೋದರೆ ಚಿಗವ್ವ ಓಡಿ ಬರುತ್ತಾಳೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಎಲ್ಲ ಕುರ್ಚಿಗೇ ಬರುತ್ತದೆ. ಪುಣೆಯಿಂದ ಬಂದ ಮಕ್ಕಳು, ಇಂಗ್ಲಿಷ್ ಶಾಲೆಗೆ ಹೋಗುವ ಮಕ್ಕಳು. ಅವರನ್ನು ಮಣ್ಣಿಗೆ ಬಿಟ್ಟರೆ ಮರ್ಯಾದೆ ಹೋಯಿತು ಅನ್ನೋ ಹಾಗೆ ನೋಡಿಕೊಳ್ಳುತ್ತಾರೆ. ಅರ್ಧ ಗಂಟೆಗೆ ಮಕ್ಕಳಿಗೆ ಬೇಜಾರು. ಯಾರದೋ ಮೊಬೈಲ್ ಕೈಗೆ ಬರುತ್ತದೆ. ಚರಗದ ದಿನ ನಮ್ಮ ಮಕ್ಕಳು ಹೊಲದ ನಡುವೆ ಕೂತು ಮೊಬೈಲ್‌ನಲ್ಲಿ ಟ್ರ್ಯಾಕ್ಟರ್ ಆಟ ಆಡಿದ್ದನ್ನು ನಾನೇ ನೋಡಿದ್ದೇನೆ. ಆವತ್ತು ಆದ ಹೊಟ್ಟೆ ಸಂಕಟ ಇನ್ನೂ ಹೋಗಿಲ್ಲ.

ನಮ್ಮ ಜನ ಹೀಗೆ ಯಾಕೆ ಮಾಡುತ್ತಾರೆ ಅಂತ ನನಗೆ ಗೊತ್ತು. ಒಕ್ಕಲುತನ ಮಾಡಿ ಸುಣ್ಣವಾದವರು ಅವರು. ಮಕ್ಕಳು ಓದಲಿ, ನೌಕರಿ ಹಿಡಿಯಲಿ, ಈ ಮಣ್ಣಿನ ಸಹವಾಸ ಅವರಿಗೆ ಬೇಡ ಅಂತ ನಮ್ಮನ್ನೂ ಹಾಗೇ ಬೆಳೆಸಿದರು. ಈಗ ಮೊಮ್ಮಕ್ಕಳಿಗೂ ಅದೇ. ಅದು ಪ್ರೀತಿ, ಸರಿ. ಆದರೆ ಆ ಪ್ರೀತಿಯಲ್ಲಿ ಮಕ್ಕಳಿಗೆ ಏನೂ ಸಿಗುತ್ತಿಲ್ಲ. ಹೊಲ ಅನ್ನೋದು ಫೋಟೋ ತೆಗೆಸಿಕೊಳ್ಳುವ ಜಾಗ ಆಗಿದೆ. ಇಲ್ಲಿ ಪುಣೆಯಲ್ಲಿ ಗುರುತು ಪರಿಚಯ ಇಲ್ಲದ ರೈತ, ಬೇರೆ ಭಾಷೆಯವನು, ನನ್ನ ಮಕ್ಕಳ ಕೈಗೆ ಕವಣೆ ಕೊಟ್ಟು ಅಟ್ಟಣಿಗೆ ಹತ್ತಿಸಿ ಹಕ್ಕಿ ಓಡಿಸೋದು ಹೇಗೆ ಅಂತ ಹೇಳಿಕೊಟ್ಟ. ನನ್ನ ಸ್ವಂತ ಕಾಕಾ ಕವಣೆ ಬೀಸುವುದರಲ್ಲಿ ಊರಿಗೇ ಹೆಸರುವಾಸಿ. ನನ್ನ ಮಕ್ಕಳಿಗೆ ಅದು ಗೊತ್ತೇ ಇಲ್ಲ.

ಮಧ್ಯಾಹ್ನದ ಮೇಲೆ ಎಮ್ಮೆಗೆ ಮೇವು ಹಾಕಿಸಿದರು. ಅಲ್ಲೂ ಒಂದು ಪಾಠ. ಮಗಳು ಪಕ್ಕದ ತಾಕಿನಲ್ಲಿದ್ದ ಎಳೆ ಜೋಳದ ಸಸಿ ಕಿತ್ತು ತಂದಳು. ಕಾಕಾ ತಡೆದರು. ಎಳೆ ಜೋಳದಲ್ಲಿ, ಅದರಲ್ಲೂ ನೀರಿಲ್ಲದೆ ಬಾಡಿದ ಸಸಿಯಲ್ಲಿ ವಿಷ ಇರುತ್ತದೆ, ದನ ತಿಂದರೆ ಸಾಯಬಹುದು ಅಂದರು. ಅದು ನಿಜ. ಆ ಸಸಿ ಹೊಟ್ಟೆಗೆ ಹೋದರೆ ಅದರಿಂದ ಸಯನೈಡ್ ಬಿಡುಗಡೆಯಾಗುತ್ತದೆ. ಒಣಗಿದ ಜೋಳದ ದಂಟನ್ನು, ಕಣಿಕೆಯನ್ನು, ಮುರಿದು ಕೊಟ್ಟು, ಇದನ್ನು ಹಾಕು ಅಂದರು. ದನದ ಹತ್ತಿರದಿಂದ ಬಂದ ಮೇಲೆ ಎಲ್ಲ ಮಕ್ಕಳೂ ಸೋಪು ಹಚ್ಚಿ ಕೈ ತೊಳೆಯಲೇಬೇಕು. ನಲ್ಲಿ ಕೊಟ್ಟಿಗೆ ಪಕ್ಕದಲ್ಲೇ ಇತ್ತು. ಮುಟ್ಟಬೇಡ ಅನ್ನೋದಕ್ಕಿಂತ ಮುಟ್ಟಿ ತೊಳೆದುಕೋ ಅನ್ನೋದು ಎಷ್ಟು ಒಳ್ಳೆಯದು!

ಹೊಲಕ್ಕೆ ಪ್ರವಾಸಿಗರನ್ನು ಕರೆಯುವ ಈ ಪದ್ಧತಿ ಇಲ್ಲಿ ಸುಮ್ನೆ ಬೆಳೆದದ್ದಲ್ಲ. 2005ರ ಹೊತ್ತಿಗೆ ಬಾರಾಮತಿ ಹತ್ತಿರದ ಪಳಶಿವಾಡಿಯಲ್ಲಿ ಪಾಂಡುರಂಗ ತಾವರೆ ಅವರು ಕೃಷಿ ಪ್ರವಾಸ ಶುರು ಮಾಡಿ, ಬೇರೆ ರೈತರಿಗೂ ತರಬೇತಿ ಕೊಟ್ಟರು. 2020ರಲ್ಲಿ ಮಹಾರಾಷ್ಟ್ರ ಸರ್ಕಾರ ಇದಕ್ಕೆಂದೇ ಒಂದು ನೀತಿ ತಂದಿತು. ರೈತ ತನ್ನ ಹೊಲವನ್ನು ನೋಂದಾಯಿಸಿ ಪ್ರವಾಸಿಗರನ್ನು ಕರೆಯಬಹುದು. ಮಳೆ ಕೈಕೊಟ್ಟ ವರ್ಷ ಅವನಿಗೆ ಈ ದುಡ್ಡು ಒಂದು ಆಸರೆ. ದುಡ್ಡು ತೆಗೆದುಕೊಳ್ಳುವುದರಿಂದಲೇ ಇರಬೇಕು, ಹೊಲವನ್ನು ತೋರಿಸೋದು ಹೇಗೆ ಅಂತ ಅವನು ಕೂತು ಯೋಚನೆ ಮಾಡಿದ್ದಾನೆ. ಹೋಗುವಾಗ ನನ್ನನ್ನು ಚುಚ್ಚಿದ್ದ ಆ 800 ರೂಪಾಯಿ ಬರುವಾಗ ಚುಚ್ಚಲಿಲ್ಲ.

ಮಕ್ಕಳಿಗೆ ತೋರಿಸೋದರಲ್ಲಿ ಪುಣೆಯವರೇ ಮೇಲು ಅನ್ನುವ ಮಾತನ್ನು ಪ್ರಾಣಿ ಸಂಗ್ರಹಾಲಯದ ವಿಷಯದಲ್ಲಿ ಮಾತ್ರ ಹೇಳಲಾರೆ. ಪುಣೆಯ ಕಾತ್ರಜ್‌ನಲ್ಲಿ 1999ರಲ್ಲಿ ಶುರುವಾದ ರಾಜೀವ್ ಗಾಂಧಿ ಪ್ರಾಣಿ ಸಂಗ್ರಹಾಲಯ ಇದೆ. ಸುಮಾರು 130 ಎಕರೆ, ಒಳಗೇ ಕೆರೆ, ಹಾವಿನ ಉದ್ಯಾನ. ಚೆನ್ನಾಗಿದೆ. ಆದರೆ ಮೈಸೂರಿನಲ್ಲಿ 1892ರಿಂದ ಇರುವ ಮೃಗಾಲಯದ ಆ ನೆರಳು, ಆ ಸ್ವಚ್ಛತೆ ಕಂಡವರಿಗೆ ಬೇರೆ ಯಾವುದೂ ಅಷ್ಟು ಹಿಡಿಸೋದಿಲ್ಲ. ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಆ ಮೈಸೂರು ಮೃಗಾಲಯದಲ್ಲಿ ಶಿಬಿರವನ್ನೂ ನಡೆಸುತ್ತಾರೆ. ಅಂದರೆ ಮಕ್ಕಳನ್ನು ಹತ್ತಿರ ಕರೆದು ತಿಳಿಸಿ ಹೇಳೋದು ನಮ್ಮವರಿಗೂ ಬರುತ್ತದೆ. ಹುಲಿ, ಜಿರಾಫೆ ಬಗ್ಗೆ ಹೇಳುವ ನಾವು ಮನೆಯ ಎಮ್ಮೆ ಬಗ್ಗೆ ಯಾಕೆ ಹೇಳೋದಿಲ್ಲ?

ಇನ್ನೊಂದು ಮಾತು, ಒಪ್ಪಲೇಬೇಕಾದದ್ದು. ಇಲ್ಲಿಯ ಎಲ್ಲ ಹೊಲಗಳೂ ಹೀಗಿಲ್ಲ. ಮರುವರ್ಷ ಬೇರೆ ಕಡೆ ಹೋದೆವು. ಅಲ್ಲಿ ಈಜುಕೊಳ, ರೇನ್ ಡಾನ್ಸ್, ದೊಡ್ಡ ಸ್ಪೀಕರ್, ಒಂದು ಒಂಟೆ. ಹುರ್ಡಾ ಎಲ್ಲೋ ಸುಟ್ಟು ತಟ್ಟೆಯಲ್ಲಿ ತಂದಿಟ್ಟರು. ತೆನೆ ಕಾಣಲೇ ಇಲ್ಲ. ಮತ್ತೆ, ಒಳ್ಳೆಯ ಹೊಲವೇ ಆದರೂ ಸಂಜೆ ಐದಕ್ಕೆ ಕಾಕಾ ಇನ್ನೊಂದು ಗುಂಪಿನ ಕಡೆ ತಿರುಗುತ್ತಾರೆ. ನಿಮ್ಮ ಮಗಳ ಹೆಸರು ಮುಂದಿನ ವಾರ ಅವರಿಗೆ ನೆನಪಿರೋದಿಲ್ಲ. ಊರಲ್ಲಿ ಚರಗದ ದಿನ ಓಣಿಯ ಮಂದಿಯೆಲ್ಲ ಬಂದು ಉಣ್ಣುತ್ತಾರೆ. ಯಾರೂ ಲೆಕ್ಕ ಇಡೋದಿಲ್ಲ. ನನ್ನ ಮಗಳನ್ನು ಕಂಡ ಕೂಡಲೇ ಅರವತ್ತು ದಾಟಿದ ಹೆಂಗಸರು ಅವಳ ಗದ್ದ ಹಿಡಿದು, "ಥೇಟ್ ಮುತ್ಯಾನ ಮಾರಿ", ಅಜ್ಜನದೇ ಮುಖ, ಅನ್ನುತ್ತಾರೆ. ಅದನ್ನು ಪುಣೆಯ ಯಾವ ಹೊಲದವರೂ ಕೊಡಲಾರರು.

ನಮ್ಮ ಕಾಕಾನ ಪಾಡನ್ನೂ ನೋಡಬೇಕು. ವರ್ಷಪೂರ್ತಿ ದುಡಿದವರು ಅವರು. ಎರಡು ದಿನಕ್ಕೆ ಬರುವ ನಮ್ಮ ಮಕ್ಕಳಿಗೆ ಪಾಠ ಮಾಡಬೇಕು ಅಂತ ಅವರಿಗೆ ಯಾಕೆ ಅನಿಸಬೇಕು? ಸುತ್ತಮುತ್ತ ಜೋಳವೇ ಕಡಿಮೆಯಾಗಿ ಕಬ್ಬು, ದ್ರಾಕ್ಷಿ ಬಂದಿದೆ. ಅವರು ಇನ್ನೂ ಜೋಳ ಬಿತ್ತುತ್ತಿದ್ದಾರೆ ಅನ್ನೋದೇ ದೊಡ್ಡದು.

ಆದರೂ ಈ ಸಲ ಎಳ್ಳಮಾಸಿಗೆ ಮೊದಲೇ ಫೋನ್ ಮಾಡಿ ಹೇಳಿದೆ. "ಕಾಕಾ, ಹುಡುಗರಿಗೆ ಕುರ್ಚಿ ಹಾಕಬ್ಯಾಡ್ರಿ. ಹಳೇ ಅರಿವಿ ಹಾಕ್ಕೊಂಡು ಬರ್ತಾವ. ಸೀತನಿ ಅವರ ಕೈಲೇ ಮುರಿಸ್ರಿ, ಕವಣಿ ಬೀಸೋದು ಕಲಿಸ್ರಿ." ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆತು, ಆಡಿಗೆ ಮೇವು ಹಾಕಲಿ, ಸೀತನಿ ಮುರೀಲಿ. ಆದ್ರ ಎತ್ತಿನ ಹಂತ್ಯಾಕ ನಾ ಇಲ್ದಾಗ ಹೋಗಬಾರ್ದು ನೋಡು. ಹೊಸಾ ಮಂದಿ ಕಂಡ್ರ ಹಾಯ್ತಾವ" ಅಂದರು. ಖಿಲಾರಿ ಎತ್ತು ಬಲು ಚುರುಕು, ಸಿಟ್ಟೂ ಜಾಸ್ತಿ. ಕಾಕಾ ಹೇಳಿದ್ದು ಸರಿ. ಆ ಷರತ್ತಿಗೆ ನಾನೂ ಒಪ್ಪಿದ್ದೇನೆ.